ಉಪ್ಪಿಲ್ಲದ ಪ್ರಳಯ

ರಾತ್ರಿ ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಹಿಡಿದು ಒತ್ತಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಪಾತ್ರೆಗೆ ಬಿದ್ದರೆ ನಮ್ಮ ಪುಣ್ಯ, ಸೋಫಾದ ಕೆಳಗೆ ಹೋದರೆ ಇರುವೆಯ ಪುಣ್ಯ. ಹಿತಕಬೇಳೆ ಸಾರು ಉಣ್ಣುವವರಿಗೆ ಈ ಬೆರಳುನೋವು ಗೊತ್ತಾಗುವುದಿಲ್ಲ, ಇರಲಿ. ಮೊನ್ನೆ ಹಾಗೆ ಕೂತಿದ್ದಾಗ ನಮ್ಮೂರಿನದೇ ನಜರ್‌ಬಾದಿನಿಂದ ಮಗಳು ಸುಮ ಫೋನ್ ಮಾಡಿದಳು.

"ಅಮ್ಮ, ನಾನು ಪ್ರೆಗ್ನೆಂಟ್. ಅಪ್ಪಂಗೆ ಈಗ್ಲೇ ಹೇಳ್ಬೇಡ. ಇಟ್ಕೋಬೇಕೋ ಬೇಡ್ವೋ ಯೋಚ್ನೆ ಮಾಡ್ತಿದೀನಿ."

"ಯಾಕೆ, ಮೈ ಸರಿ ಇಲ್ವಾ?"

"ಮೈ ಸರಿಯಾಗೇ ಇದೆ. ಪ್ರಪಂಚ ಸರಿ ಇಲ್ಲ."

ಇದು ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವಳಿಗೂ ಅಳಿಯನಿಗೂ ಪ್ರಪಂಚ ಮುಗಿದ ಮೇಲಿನ ಕಥೆಗಳ ಹುಚ್ಚು. ಪುಸ್ತಕದಲ್ಲೂ ಅದೇ, ಟಿವಿಯಲ್ಲೂ ಅದೇ. ಜೊತೆಗೆ ಕೂತು ನಾನೂ ಕೆಲವು ನೋಡಿದ್ದೇನೆ. ಊರೆಲ್ಲ ಹಾಳು, ಒಬ್ಬ ಗಡ್ಡದ ಅಪ್ಪ, ಒಂದು ಮಗು. ತಾಯಿ ಕಥೆ ಶುರುವಾಗುವ ಮೊದಲೇ ಸತ್ತಿರುತ್ತಾಳೆ. ಅಡುಗೆಮನೆಯಿಲ್ಲದ ಕಥೆಯಲ್ಲಿ ಇವಳಿಗೇನು ಕೆಲಸ ಎಂದು ಬರೆದವರಿಗೆ ಅನ್ನಿಸಿರಬೇಕು. ಆ ಮಗುವಿನ ತಲೆಯ ಹೇನು ಯಾರೂ ತೆಗೆಯುವುದಿಲ್ಲ. ಅದೂ ಒಂದು ದಿನವಾದರೂ "ಇದು ಬೇಡ" ಎಂದು ತಟ್ಟೆ ತಳ್ಳುವುದಿಲ್ಲ. ಅಂಥ ಮಗುವನ್ನು ಸಾಕುವುದಕ್ಕೆ ಧೈರ್ಯ ಏಕೆ ಬೇಕು, ನೀವೇ ಹೇಳಿ.

ಅಪ್ಪನ ಸಂಗತಿ ಇನ್ನೂ ಚೆಂದ. ತನ್ನ ಮಗುವಿಗೋಸ್ಕರ ಎಂದು ಇನ್ನೊಬ್ಬರ ಮಗುವಿನ ಮುಖದ ಮೇಲೆ ಬಾಗಿಲು ಹಾಕುತ್ತಾನೆ. ಆಮೇಲೆ ಬೆಂಕಿ ಮುಂದೆ ಕೂತು, ನಾವು ಒಳ್ಳೆಯವರು ಎಂದು ಮಗುವಿಗೆ ಪಾಠ ಹೇಳುತ್ತಾನೆ. ಇದಕ್ಕೆ ಪಿತೃಪ್ರೇಮ ಎಂದು ಹೆಸರು. ನಮ್ಮ ಒಂಟಿಕೊಪ್ಪಲಿನಲ್ಲಿ ಇದಕ್ಕೆ ಬೇರೆ ಹೆಸರಿದೆ. ದೇವರಮನೆಯ ಪಕ್ಕದಲ್ಲೇ ಕೂತು ಬರೆಯುತ್ತಿರುವುದರಿಂದ ಬೇಡ.

ನಮ್ಮ ಬೀದಿಗೂ ಒಮ್ಮೆ ಪ್ರಳಯ ಬಂದಿತ್ತಲ್ಲ, ಕೊರೊನಾ. ಪಕ್ಕದ ಮನೆಯ ನಾಗರತ್ನಳಿಗೆ ಜ್ವರ, ಗಂಡ ಹುಬ್ಬಳ್ಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಮನೆಯಲ್ಲಿ ಪುಟ್ಟ ಮಗು. ನಮ್ಮ ಯಜಮಾನರು ಗಡ್ಡ ಬಿಟ್ಟಿರಲಿಲ್ಲ ಅಷ್ಟೆ, ಮಾತು ಮಾತ್ರ ಆ ಕಥೆಯ ಅಪ್ಪನದೇ. "ನಮಗೂ ಮಗಳಿದಾಳೆ, ಆ ಕಡೆ ಹೋಗೋದು ಬೇಡ" ಎಂದರು.

ಆಗ ನಮ್ಮ ಅತ್ತೆ ಇನ್ನೂ ಇದ್ದರು. ಒಗ್ಗರಣೆ ಸೌಟು ಕೆಳಗಿಡದೆ ಮಗನಿಗೆ ಹೇಳಿದರು: "ನನ್ನ ಒಗ್ಗರಣೆ ಘಾಟು ಕಾಂಪೌಂಡ್ ದಾಟ್ತದೆ ಕಣೋ. ಸಾರು ದಾಟಬಾರ್ದಾ?"

ಅಂದಿನಿಂದ ಕಾಂಪೌಂಡ್ ಗೋಡೆಯ ಮೇಲೆ ಕ್ಯಾರಿಯರ್ ಇಟ್ಟು, ದೇವರಿಗೆ ದೀಪ ಹಚ್ಚಿದಷ್ಟೇ ಭಕ್ತಿಯಿಂದ ಕೈ ತೊಳೆದುಕೊಳ್ಳುವುದು ಕಾಲೇಜಿಗೆ ರಜೆಯಿದ್ದ ಸುಮಳ ಕೆಲಸವಾಯಿತು. ಮಗುವಿಗೆ ಮೊಸರನ್ನ, ತಾಯಿಗೆ ಸಾರನ್ನ.

ಎರಡನೇ ದಿನವೇ ನಾಗರತ್ನ ಕಿಟಕಿಯಿಂದ ಕೂಗಿದಳು: "ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ. ಸಾರಿಗೆ ಉಪ್ಪೇ ಇಲ್ಲ ಕಣ್ರೀ."

ಬೀದಿಗೆಲ್ಲ ಸಾರಿಗೆ ಹೆಸರಾಗಿದ್ದ ಅತ್ತೆಯ ಮುಖ ನೋಡಬೇಕಿತ್ತು. ಈ ಕಾಯಿಲೆಯಲ್ಲಿ ನಾಲಿಗೆಗೆ ರುಚಿ ಗೊತ್ತಾಗುವುದಿಲ್ಲ ಎಂದು ನಾನು ತಿಳಿಹೇಳಿದೆ. "ನಾಲಿಗೆ ಸತ್ತಿದ್ರೆ ಅಷ್ಟು ಮಾತು ಎಲ್ಲಿಂದ ಬರ್ತಿತ್ತು?" ಎಂದು ಅವಳ ಪಾಲಿನ ಸಾರಿಗೆ ಇನ್ನಷ್ಟು ಉಪ್ಪು ಹಾಕಿದರು. ಮರುದಿನವೂ ಅದೇ ದೂರು, ಮತ್ತೆ ಉಪ್ಪು. ಆಮೇಲೆ ಕಿಟಕಿಯೂ ತೆರೆಯಲಿಲ್ಲ, ದೂರೂ ಬರಲಿಲ್ಲ. ಕ್ಯಾರಿಯರ್ ತುಂಬಿಯೇ ವಾಪಸಾಗುತ್ತಿತ್ತು. ಮೊಸರನ್ನದ ಡಬ್ಬಿ ಮಾತ್ರ ಖಾಲಿ. ಯಜಮಾನರೇ ಹಿತ್ತಲಿಗೆ ಹೋಗಿ ಹೋಗಿ ಆ ಕಿಟಕಿ ನೋಡಿ ಬರುತ್ತಿದ್ದರು. ಅತ್ತೆ ಹಟ ಬಿಡಲಿಲ್ಲ. ಸಾರು, ಉಪ್ಪು, ಕ್ಯಾರಿಯರ್.

ಒಂದು ಮಧ್ಯಾಹ್ನ ಕಿಟಕಿ ತೆರೆಯಿತು. ದನಿ ಸಣ್ಣಗಿತ್ತು. "ಏನ್ ದೊಡ್ಡಮ್ಮ ಇದು, ಸಾರೋ ಸಮುದ್ರವೋ? ಬಾಯಿಗಿಡೋಕಾಗಲ್ಲ."

ಅತ್ತೆ ಅಲ್ಲೇ, ತುಳಸಿಕಟ್ಟೆಯ ಮುಂದೆ ಕೂತುಬಿಟ್ಟರು. ಬೈಸಿಕೊಂಡು ಯಾರಾದರೂ ಅಷ್ಟು ಸಂತೋಷಪಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ನೆನಪಿದೆಯೇನೇ ಸುಮ?" ಎಂದು ಫೋನಿನಲ್ಲಿ ಕೇಳಿದೆ. ಅವಳ ಭಯ ಸುಳ್ಳೆಂದು ನಾನು ಹೇಳಲಾರೆ. ಅವಳನ್ನು ಹೆರುವಾಗ ನಾನೂ ಹೆದರಿದ್ದೆ. ಇಟ್ಟುಕೋ ಎಂದೂ ಹೇಳಲಿಲ್ಲ, ಅದು ನಾನು ಹೇಳುವ ಮಾತಲ್ಲ. "ನಿನ್ನ ಕಥೆಗಳಲ್ಲಿ ಪಕ್ಕದ ಮನೆ ಅಂತ ಒಂದು ಇರಲ್ವಲ್ಲೇ, ಅದಕ್ಕೇ ಅದರಲ್ಲಿರೋರು ಅಷ್ಟೊಂದು ಒದ್ದಾಡೋದು" ಎಂದಷ್ಟೇ ಅಂದೆ.

ಆ ಕಡೆ ಮೂಗೊರೆಸಿಕೊಂಡ ಸದ್ದು. "ಏನ್ ಅಡುಗೆ ಇವತ್ತು?"

"ಹಿತಕಬೇಳೆ ಸಾರು."

"ಸಂಜೆ ಬರ್ತೀನಿ. ಅಪ್ಪಂಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ. ಉಪ್ಪು ನೋಡಿ ಹಾಕು."

ಫೋನ್ ಇಟ್ಟೆ. ಇನ್ನೂ ಅರ್ಧ ಪಾತ್ರೆ ಕಾಳು ಉಳಿದಿತ್ತು. ಬೆರಳು ಒದ್ದೆ ಮಾಡಿಕೊಂಡು ಹಿಸುಕತೊಡಗಿದೆ.