ಪತಿಯ ಮೂಲಕ ವಿವರಿಸಲಾಗಿದೆ

ಹನ್ನೊಂದನೇ ದಿನ ಬೆಳಿಗ್ಗೆ ಎಡಗಣ್ಣು ತೆರೆಯಲಿಲ್ಲ.

ರೆಪ್ಪೆ ಒಳಗಿನಿಂದ ಕಣ್ಣಿಗೆ ಅಂಟಿಕೊಂಡಿತ್ತು. ನಿದ್ದೆಗಣ್ಣಲ್ಲಿ ಬಲವಂತವಾಗಿ ತೆರೆದೆ. ಯಾರೋ ಉಗುರಿನಿಂದ ಗೀರಿದ ಹಾಗಾಯಿತು. ಹಾಸಿಗೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ನನ್ನ ಗಂಡ ಮಧು ಆಗಲೇ ಎದ್ದು ಕಿಟಕಿಯ ಹತ್ತಿರ ನಿಂತಿದ್ದ.

"ನೋಡೇ ಇಲ್ಲಿ, ಸ್ಟೇಷನ್ ಪಕ್ಕದ ಬಿಲ್ಡಿಂಗಿನ ಬೋರ್ಡು ಇಲ್ಲಿಂದಲೇ ಓದ್ತಿದೀನಿ," ಅಂದ.

ನಮ್ಮಿಬ್ಬರಿಗೂ ಒಂದೇ ದಿನ, ಒಂದೇ ಕ್ಲಿನಿಕ್ಕಿನಲ್ಲಿ, ಒಬ್ಬರೇ ಡಾಕ್ಟರು ಕನ್ನಡಕ ಬಿಡಿಸುವ ಲೇಸರ್ ಮಾಡಿದ್ದರು.

ಅವತ್ತು ಅವನ ಕಣ್ಣುಗಳನ್ನು ಕಂಡರೆ ನನಗೆ ಮೈ ಉರಿಯಿತು.

ನಾನು ಮೈಸೂರಿನವಳು. ಈಗ ಜಪಾನಿನಲ್ಲಿ, ಟೋಕಿಯೋ ಪಕ್ಕದ ವಾಕೋದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಜೀವಕೋಶಗಳನ್ನು ನೋಡುವುದು ನನ್ನ ಕೆಲಸ. ಮೂರನೇ ಕ್ಲಾಸಿನಿಂದ ಕನ್ನಡಕ. ಮೈನಸ್ ಏಳು. ಇಲ್ಲಿಗೆ ಬಂದ ಮೇಲೆ ಕನ್ನಡಕದ ಕಾಟ ಹೆಚ್ಚಾಯಿತು. ಮಾರ್ಚ್ ಬಂದರೆ ಮರಗಳ ಪರಾಗ ಹಾರುತ್ತದೆ, ಊರಿಗೆ ಊರೇ ಮಾಸ್ಕ್ ಹಾಕುತ್ತದೆ. ಮಾಸ್ಕ್ ಹಾಕಿದರೆ ಗಾಜಿನ ತುಂಬ ಆವಿ. ಬಿಸಿನೀರಿನ ಬುಗ್ಗೆಗೆ ಹೋದರೆ ಕನ್ನಡಕ ತೆಗೆದಿಟ್ಟು, ಎದುರಿಗಿರುವುದು ಮೆಟ್ಟಿಲೋ ನೀರೋ ತಿಳಿಯದೆ ಗೋಡೆ ತಡವುತ್ತಾ ನಡೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಉರಿ.

ಲೇಸರ್ ಮಾಡಿಸಿಕೊಳ್ಳಲೋ ಬೇಡವೋ ಎಂದು ಆರು ತಿಂಗಳು ಯೋಚಿಸಿದೆ. ಊಟಕ್ಕೆ ಕೂತರೂ ಅದೇ ಮಾತು, ಭಾನುವಾರ ಬೇಳೆ ಕೊಳ್ಳಲು ನಮ್ಮವರ ಅಂಗಡಿಗಳಿರುವ ನಿಶಿ ಕಸಾಯಿಗೆ ಹೋಗುವ ರೈಲಿನಲ್ಲೂ ಅದೇ ಮಾತು. ಅದರ ಬಗ್ಗೆ ಬಂದ ಪೇಪರುಗಳನ್ನೆಲ್ಲ ಇಳಿಸಿಕೊಂಡೆ. ಸಂಶೋಧಕಿ ಅಂತ ಹೇಳಿಕೊಳ್ಳುವವಳು, ನನಗೆ ಇಷ್ಟವಾಗುವ ಪೇಪರುಗಳನ್ನು ಮಾತ್ರ ಪೂರ್ತಿ ಓದಿದೆ. ಕೊನೆಗೆ ಮಧುವೇ, "ಇಬ್ಬರೂ ಒಟ್ಟಿಗೆ ಮಾಡಿಸೋಣ ಬಿಡು," ಅಂದ.

ಕ್ಲಿನಿಕ್ಕಿನ ಕೌನ್ಸೆಲರ್ ಒಬ್ಬ ನಗುಮುಖದ ಹೆಂಗಸು, ಕಿಮುರಾ ಸಾನ್. ಲೆನ್ಸ್ ಹಾಕಿದರೆ ಕಣ್ಣು ಉರಿಯುತ್ತದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದಾಗ, "ಅಂಥವರೇ ಅಲ್ಲವೇ ಇಲ್ಲಿಗೆ ಬರುವುದು," ಅಂದಳು. ಆ ಮಾತು ನನಗೆ ತುಂಬಾ ಹಿಡಿಸಿತು.

ಟೆಸ್ಟಿನಲ್ಲಿ ಕೆಳರೆಪ್ಪೆಯೊಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿದರು. ಅದು ಎಷ್ಟು ಒದ್ದೆಯಾಗುತ್ತದೆ ಎಂದು ನೋಡಿ, ಕಣ್ಣೀರು ಎಷ್ಟಿದೆ ಎಂದು ಅಳೆಯುತ್ತಾರೆ. ಆಮೇಲೆ ಡಾಕ್ಟರ್ ಬಂದು ಜಪಾನೀಸಿನಲ್ಲಿ ಸುಮಾರು ಹೊತ್ತು ಮಾತಾಡಿದರು. ನನ್ನ ಲ್ಯಾಬಿನಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ ನನಗೆ ಆ ಭಾಷೆ ಅಷ್ಟಕ್ಕಷ್ಟೇ. ಮಧು ಹಾಗಲ್ಲ. ಅವನ ಕಂಪನಿಯಲ್ಲಿ ಅವನ ಕೆಲಸವೇ ಟೋಕಿಯೋದ ಕ್ಲೈಂಟ್ ಆಡಿದ್ದನ್ನು ಬೆಂಗಳೂರಿನ ಟೀಮಿಗೆ, ಬೆಂಗಳೂರಿನವರು ಆಡಿದ್ದನ್ನು ಟೋಕಿಯೋಗೆ ದಾಟಿಸುವುದು. ಯಾರಿಗೂ ಚುಚ್ಚದ ಹಾಗೆ, ನಯ ಮಾಡಿ.

"ಅಷ್ಟುದ್ದ ಮಾತಾಡಿದ್ರಲ್ಲ, ಏನಂತೆ?" ಅಂತ ಕೇಳಿದೆ.

"ಸ್ವಲ್ಪ ಡ್ರೈ ಇದೆಯಂತೆ. ಡ್ರಾಪ್ಸ್ ಕೊಡ್ತಾರಂತೆ. ದಾಯ್ಜೋಬು, ತೊಂದರೆ ಇಲ್ಲ."

ನಾನು ಸಹಿ ಹಾಕಿದೆ.

ಮೂರು ತಿಂಗಳಾದರೂ ಕಡಿಮೆಯಾಗಲಿಲ್ಲ. ರೈಲಿನ ಏಸಿ ಗಾಳಿ ಮುಖಕ್ಕೆ ಬಿದ್ದರೆ ಕಣ್ಣಿಗೆ ಮರಳು ತೂರಿದಂತೆ. ಸಂಜೆ ಆದರೆ ಪ್ರತಿ ದೀಪದ ಸುತ್ತ ಒಂದು ಉಂಗುರ. ಹದಿನೈದು ನಿಮಿಷಕ್ಕೊಮ್ಮೆ ಡ್ರಾಪ್ಸ್. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಎರಡು ನಿಮಿಷದಲ್ಲಿ ಜೀವಕೋಶಗಳೆಲ್ಲ ಮಸುಕು. ಕ್ಲಿನಿಕ್ಕಿಗೆ ಹೋದೆ. ಗೋಡೆಯ ಚಾರ್ಟಿನಲ್ಲಿ ಬಾಯಿ ತೆರೆದ ಉಂಗುರಗಳು ಯಾವ ಕಡೆಗಿವೆ ಎಂದು ಹೇಳಿಸಿದರು. ಕೊನೆಯ ಸಾಲನ್ನೂ ಸರಿಯಾಗಿ ಹೇಳಿದೆ.

"ಒಂದೂವರೆ!" ಅಂದರು ಡಾಕ್ಟರ್, ಇಂಗ್ಲಿಷಿನಲ್ಲೇ. ಇಲ್ಲಿನ ಲೆಕ್ಕದಲ್ಲಿ ಒಂದು ಬಂದರೇ ಪೂರ್ತಿ ದೃಷ್ಟಿ. "ನಿಮ್ಮ ಸರ್ಜರಿ ಯಶಸ್ವಿಯಾಗಿದೆ."

ಉರಿಯನ್ನು ಅಳೆಯುವ ಚಾರ್ಟು ಅವರ ಗೋಡೆಯಲ್ಲಿ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಏನಾದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಡಾಕ್ಟರಿಗೆ ನನ್ನ ಕಣ್ಣು ಬರಲಿ ಎಂದು ಶಾಪ ಹಾಕುತ್ತಿದ್ದೆ, ಒಂದೇ ಒಂದು ವಾರ ಸಾಕು ಎಂದುಕೊಳ್ಳುತ್ತಿದ್ದೆ. ಕಿಮುರಾ ಸಾನ್‌ಳ ನಗು ನೆನಪಾದರೆ ಹಲ್ಲು ಕಚ್ಚುತ್ತಿದ್ದೆ. ಆದರೆ ಅವರು ದೂರದಲ್ಲಿದ್ದರು. ಹತ್ತಿರ ಇದ್ದವನು ಮಧು. ಅವನು ಕಣ್ಣರಳಿಸಿಕೊಂಡು ಟಿವಿ ನೋಡುತ್ತಿದ್ದರೆ ನನಗೆ ಸಹಿಸಲಾಗುತ್ತಿರಲಿಲ್ಲ. "ಸರಿ ಹೋಗುತ್ತೆ ಬಿಡು" ಎಂದು ಅವನು ದಿನಕ್ಕೆರಡು ಸಲ ಹೇಳುತ್ತಿದ್ದ, ಅದನ್ನಂತೂ ಕೇಳಲು ಆಗುತ್ತಲೇ ಇರಲಿಲ್ಲ.

ಒಂದು ಶನಿವಾರ ಹುಳಿಗೆಂದು ಈರುಳ್ಳಿ ಹೆಚ್ಚುತ್ತಿದ್ದೆ. ಅವನು ಪಕ್ಕದಲ್ಲೇ ನಿಂತು ಪಾತ್ರೆ ತೊಳೆಯುತ್ತಿದ್ದ. ಬೇಕೆಂದೇ ಚಿಮಣಿ ಆರಿಸಿದೆ. ಬೇಕಾದ್ದು ಎರಡು ಈರುಳ್ಳಿ. ನಾನು ಹೆಚ್ಚಿದ್ದು ಎಂಟು. ಅವನ ಕಣ್ಣಲ್ಲಿ ಧಾರಾಕಾರ ನೀರು ಸುರಿಯಿತು. ತೋಳಿನಿಂದ ಒರೆಸಿಕೊಂಡು, ನಗುತ್ತಾ, "ಯಾರಿಗೇ ಇಷ್ಟೊಂದು ಅಡುಗೆ?" ಅಂದ.

ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳು ಬಂತು, ಗಂಟಲಿನಲ್ಲಿ, ಎದೆಯಲ್ಲಿ. ಕಣ್ಣಿನವರೆಗೆ ಬರಲಿಲ್ಲ.

ಸೋಮವಾರ ಮನೆ ಹತ್ತಿರದ ಒಂದು ಸಣ್ಣ ಕಣ್ಣಿನ ಆಸ್ಪತ್ರೆಗೆ ಒಬ್ಬಳೇ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರ ಸ್ಲಿಪ್ಪರ್ ಹಾಕಿಕೊಂಡು ಒಳಗೆ ಹೋಗಬೇಕು. ಡಾಕ್ಟರ್ ಎಪ್ಪತ್ತು ದಾಟಿದ ಹೆಂಗಸು, ನಿಧಾನವಾಗಿ ಇಂಗ್ಲಿಷ್ ಮಾತಾಡುವವರು. ಅದೇ ಕಾಗದದ ಪಟ್ಟಿ ಸಿಕ್ಕಿಸಿದರು. ಐದು ನಿಮಿಷದ ಮೇಲೆ ತೆಗೆದು ನನ್ನ ಕೈಗೇ ಕೊಟ್ಟರು. ತುದಿ ಮಾತ್ರ ಒದ್ದೆಯಾಗಿತ್ತು.

"ಸರ್ಜರಿಗೆ ಮುಂಚೆ ಎಷ್ಟಿತ್ತು?"

"ಗೊತ್ತಿಲ್ಲ, ಸೆನ್ಸೇ. ಯಾರೂ ಹೇಳಲಿಲ್ಲ."

"ಬರೆದಿಟ್ಟಿರುತ್ತಾರೆ. ನಿಮ್ಮ ರೆಕಾರ್ಡಿನ ಪ್ರತಿ ಕೇಳಿ. ಕೊಡಲೇಬೇಕು." ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಇನ್ನೊಮ್ಮೆ ನೋಡಿ, "ಮುಂಚೆಯೂ ಹೀಗೇ ಇದ್ದಿದ್ದರೆ, ನಾನಾಗಿದ್ದರೆ ಮಾಡುತ್ತಿರಲಿಲ್ಲ," ಅಂದರು.

ಪ್ರತಿ ಕೇಳಿದೆ. ಎರಡು ಸಲ ಫೋನಿನಲ್ಲಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಮುಂದೆ ಹಾಕಿದರು. ಮೂರನೇ ಸಲ ನಾನೇ ಹೋಗಿ ಫಾರಂ ತುಂಬಿ ಕೊಟ್ಟೆ. ಅಂಚೆಯಲ್ಲಿ ಬಂದ ಲಕೋಟೆಯನ್ನು ಮಧುವಿಗೆ ತೋರಿಸಲಿಲ್ಲ. ಯಾಕೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಲ್ಯಾಬಿಗೆ ತೆಗೆದುಕೊಂಡು ಹೋಗಿ, ನನ್ನ ಪಕ್ಕದ ಮೇಜಿನ ಯೋಶಿದಾ ಸಾನ್ ಹತ್ತಿರ ಓದಿ ಹೇಳಿ ಎಂದೆ. ಅವಳು ಓದುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇದನ್ನು ಮನೆಯಲ್ಲಿ ನಿಮ್ಮ ಯಜಮಾನರ ಜೊತೆ ಓದಿದರೆ ಒಳ್ಳೆಯದೇನೋ."

"ಇಲ್ಲ, ಈಗಲೇ ಹೇಳಿ."

ಅವಳು ತಗ್ಗಿದ ದನಿಯಲ್ಲಿ ಇಂಗ್ಲಿಷಿಗೆ ಮಾಡಿ ಹೇಳಿದಳು. ಕಣ್ಣೀರಿನ ಪ್ರಮಾಣ ಕಡಿಮೆ. ಸರ್ಜರಿಯ ನಂತರ ಉಲ್ಬಣಿಸುವ ಸಾಧ್ಯತೆಯನ್ನು ಪತಿಯ ಮೂಲಕ ವಿವರಿಸಲಾಗಿದೆ. ಒಂದು ವಾರ ಯೋಚಿಸಲು ಸೂಚಿಸಲಾಗಿದೆ. ರೋಗಿಯ ಇಚ್ಛೆ ಬಲವಾಗಿದೆ.

ಪತಿಯ ಮೂಲಕ.

ಅವತ್ತು ಸಂಜೆ ಮಧು ಬಂದು ಶೂ ಬಿಚ್ಚುವ ಮೊದಲೇ ಆ ಹಾಳೆಯನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಬಾಗಿಲಲ್ಲೇ ನಿಂತು ಓದಿದ.

"ಒಂದು ವಾರ ಯೋಚಿಸಿ ಅಂದಿದ್ರಾ?"

"...ಅಂದಿದ್ರು."

"ನೀನೇನಂದೆ?"

"ಅವಳು ಆಗಲೇ ಡಿಸೈಡ್ ಮಾಡಿದಾಳೆ ಅಂದೆ."

"ನನ್ನನ್ನ ಕೇಳಿದ್ಯಾ?"

"ಆರು ತಿಂಗಳಿಂದ ನೀನು ಅದನ್ನೇ ಜಪಿಸ್ತಿದ್ದೆ ಕಣೇ. ಬೇಡ ಅಂತ ನಾನು ಹೇಗೆ ಹೇಳ್ಲಿ? ಇಬ್ಬರೂ ಕಷ್ಟಪಟ್ಟು ರಜೆ ಹೊಂದಿಸಿದ್ವಿ. ಇಲ್ಲಿನವರು ಎಲ್ಲದಕ್ಕೂ ಯೋಚಿಸಿ, ಜೋಪಾನ ಅಂತಾನೇ ಇರ್ತಾರೆ. ಹಾಗೇ ಒಂದು ಮಾತು ಅಂದ್ಕೊಂಡೆ."

"ನನ್ನ ಕಣ್ಣು ಅದು. ನಿನ್ನ ಕ್ಲೈಂಟ್ ಕಾಲ್ ಅಲ್ಲ."

ಹತ್ತು ದಿನ ಅವನ ಜೊತೆ ಮಾತಾಡಲಿಲ್ಲ. ಮೈಸೂರಿಗೆ ಹೊರಟುಹೋಗೋಣ ಎಂದುಕೊಂಡೆ. ಹೋದರೆ ಅವನಿಗೆ ಬಿಡುಗಡೆ. ಅದು ನನಗೆ ಬೇಕಿರಲಿಲ್ಲ. ಅವನು ಇಲ್ಲೇ ಇದ್ದು, ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಕ್ಲಿನಿಕ್ಕಿನವರು ಅದನ್ನು ಕೇಳಬೇಕಿತ್ತು. ಪಟ್ಟಿ ಒಣಗಿರುವುದನ್ನು ಕಂಡೂ, ನಾನು ಅಲ್ಲೇ ಎದುರಿಗೆ ಕೂತಿದ್ದರೂ, ಗಂಡನಿಗೆ ಹೇಳಿ ಕೈತೊಳೆದುಕೊಂಡವರು ಅವರು.

ಆ ಕ್ಲಿನಿಕ್ಕು ಭಾನುವಾರಗಳಲ್ಲಿ ಹೊಸಬರಿಗೆ ಮಾಹಿತಿ ಸಭೆ ನಡೆಸುತ್ತದೆ. ಇಬ್ಬರ ಹೆಸರನ್ನೂ ಕೊಟ್ಟೆ. ನಾನು ಹೇಳಬೇಕಾದ ಒಂಬತ್ತು ವಾಕ್ಯ ಬರೆದುಕೊಂಡೆ. ಅವು ಜಪಾನೀಸಿನಲ್ಲಿ ಹೇಗೆ ಬರುತ್ತವೆ ಎಂದು ಯೋಶಿದಾ ಸಾನ್ ಹತ್ತಿರ ಬಾಯಿಪಾಠ ಮಾಡಿಕೊಂಡೆ. ನಾನೇ ಹೇಳಬಹುದಿತ್ತು. ಆದರೆ ಅವು ಮಧುವಿನ ಬಾಯಿಂದಲೇ ಬರಬೇಕಿತ್ತು, ಅವನು ಒಂದು ಪದ ನುಂಗಿದರೂ ನನಗೆ ಗೊತ್ತಾಗಬೇಕಿತ್ತು.

"ನಾನು ಇಂಗ್ಲಿಷಲ್ಲಿ ಹೇಳ್ತೀನಿ. ನೀನು ಜಪಾನೀಸಲ್ಲಿ ಹೇಳ್ಬೇಕು. ನಯ ಮಾಡೋ ಹಾಗಿಲ್ಲ," ಅಂದೆ.

"ಶಿಕ್ಷೇನಾ ಇದು?"

"ಹೌದು."

ಕೋಣೆಯಲ್ಲಿ ಹದಿನೈದು ಜನರಿದ್ದರು. ಕಿಮುರಾ ಸಾನ್ ಅದೇ ನಗುಮುಖದಲ್ಲಿ ಸ್ಲೈಡುಗಳನ್ನು ತೋರಿಸಿದಳು. ಡಾಕ್ಟರ್ ಪಕ್ಕದಲ್ಲಿ ಕೂತಿದ್ದರು. ಪ್ರಶ್ನೆಗಳಿವೆಯೇ ಎಂದಾಗ ಎದ್ದು ನಿಂತೆ. ಮಧುವೂ ನಿಂತ. ಇಲ್ಲಿ ಸರ್ಜರಿ ಮಾಡಿಸಿಕೊಂಡೆ ಎಂದೆ, ಹೇಳಿದ. ಚಾರ್ಟು ಪೂರ್ತಿ ಓದುತ್ತೇನೆ, ಮೈಕ್ರೋಸ್ಕೋಪ್ ನೋಡಲಾರೆ ಎಂದೆ, ಹೇಳಿದ. ಕಣ್ಣೀರು ಕಡಿಮೆ ಎಂದು ಇವರಿಗೆ ಮೊದಲೇ ಗೊತ್ತಿತ್ತು ಎಂದೆ. ಅವನ ದನಿ ಸಣ್ಣಗಾಯಿತು, ಹೇಳಿದ.

"ಅದನ್ನು ನನ್ನ ಗಂಡನಿಗೆ ಹೇಳಿದರು. ನನ್ನ ಗಂಡ ನನಗೆ ಹೇಳಲಿಲ್ಲ."

ಅವನು ನಿಲ್ಲಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಾನು ಕಾದೆ. ಆ ಕ್ಷಣ ನನಗೆ ಎಷ್ಟು ಹಿತವಾಗಿತ್ತು ಎಂದು ಮುಚ್ಚಿಡುವುದಿಲ್ಲ.

ಅವನು ಹೇಳಿದ. ಒಂದು ಪದ ಬಿಡಲಿಲ್ಲ. ಆಮೇಲೆ ನನ್ನ ಒಂಬತ್ತರಲ್ಲಿ ಇಲ್ಲದ ಒಂದು ವಾಕ್ಯವನ್ನು ಸೇರಿಸಿದ: "ಆ ಗಂಡ ನಾನೇ."

ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ ಕೈ ಎತ್ತಿದಳು. "ಹಾಗಾದರೆ ನಾನು ಮಾಡಿಸಿಕೊಳ್ಳಬಾರದೇ?"

ಬೇಡ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟು ಹೇಳಿದ್ದರೆ ಇಡೀ ಕೋಣೆ ಖಾಲಿಯಾಗುತ್ತಿತ್ತೋ ಏನೋ. ಆದರೆ ಪಕ್ಕದಲ್ಲಿ ನಿಂತವನ ಕಣ್ಣುಗಳು ನಿಜಕ್ಕೂ ಚೆನ್ನಾಗಿದ್ದವು.

"ಇವನಿಗೆ ಒಳ್ಳೆಯದಾಯಿತು, ನನಗೆ ಆಗಲಿಲ್ಲ," ಅಂದೆ. "ಕಣ್ಣೀರಿನ ಪಟ್ಟಿಯನ್ನು ನಿಮ್ಮ ಕಣ್ಣಾರೆ ನೋಡಿ. ಡಾಕ್ಟರ್ ಹೇಳುವುದನ್ನು ನಿಮ್ಮ ಕಿವಿಯಾರೆ ಕೇಳಿ. ಆಮೇಲೂ ಬೇಕು ಅನಿಸಿದರೆ ಮಾಡಿಸಿಕೊಳ್ಳಿ." ಮಧು ಹೇಳಿದ, ಅವಳು ಅದನ್ನು ಬರೆದುಕೊಂಡಳು.

ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದರು ಡಾಕ್ಟರ್. ಅಷ್ಟೇ. ಕಿಮುರಾ ಸಾನ್ ಲಿಫ್ಟಿನವರೆಗೂ ಬಂದಳು. ಬಾಗಿಲು ಮುಚ್ಚುವವರೆಗೆ ಸೊಂಟ ಬಗ್ಗಿಸಿ ನಿಂತಿದ್ದಳು. ಇಲ್ಲಿ ಎಲ್ಲ ಗಿರಾಕಿಗಳಿಗೂ ಹಾಗೆ ಮಾಡುತ್ತಾರೆ. ಅದು ಕ್ಷಮೆಯೋ ರಿವಾಜೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಗೆದ್ದೆ ಅನಿಸಲಿಲ್ಲ. ಆದರೆ ಅವತ್ತು ರೈಲಿನಲ್ಲಿ, ಎಷ್ಟೋ ತಿಂಗಳ ಮೇಲೆ, ಅವನ ಪಕ್ಕದ ಸೀಟಿನಲ್ಲಿ ಕೂತೆ.

ಈಗ ಕಣ್ಣೀರು ಹರಿದುಹೋಗುವ ಸಣ್ಣ ರಂಧ್ರಗಳಿಗೆ ಅಕ್ಕಿಕಾಳಿಗಿಂತ ಚಿಕ್ಕ ಬಿರಡೆ ಹಾಕಿದ್ದಾರೆ. ಇರುವಷ್ಟು ನೀರು ಕಣ್ಣಲ್ಲೇ ನಿಲ್ಲುತ್ತದೆ. ಲ್ಯಾಬಿನವರು ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿಕೊಟ್ಟರು. ದೊಡ್ಡ ಪರದೆಯಲ್ಲಿ ನೋಡುತ್ತೇನೆ, ಅರ್ಧ ಗಂಟೆ ಒಂದೇ ಸಮ ತಡೆಯುತ್ತದೆ. ಮಧುವನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಬೆಳಿಗ್ಗೆ ಅವನ ಕಣ್ಣು ಕಂಡರೆ ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ.

ಹೋದ ವಾರ ಆ ವಯಸ್ಸಾದ ಡಾಕ್ಟರ ಹತ್ತಿರ ಅವನೂ ಬಂದಿದ್ದ. ಅವರು ಸುಸ್ತಾಗಿದ್ದರೋ ಏನೋ, ಜಪಾನೀಸಿನಲ್ಲೇ ಮಾತಾಡಿದರು. ನಾನು ಅವನ ಕಡೆ ತಿರುಗಿದೆ.

"ಮೊದಲಿಗಿಂತ ವಾಸಿ ಅಂತಿದಾರೆ," ಅಂದ. ನಿಲ್ಲಿಸಿದ. "ಆದರೆ ಸರ್ಜರಿಗೆ ಮುಂಚೆ ಇದ್ದ ಹಾಗೆ ಇನ್ನು ಆಗಲ್ವಂತೆ. ಯಾವತ್ತೂ."

"ಸರಿ," ಅಂದೆ. ಡಾಕ್ಟರಿಗೆ ಅರಿಗಾತೋ ಹೇಳಿ, ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್ ಬರೆಸಿಕೊಂಡು ಬಂದೆವು.