ಬಳೆ ಹಿಡಿದುಕೊಟ್ಟ ಕೊಲೆಗಾತಿ

“ಕೊಲಿ ಮಾಡಿದಾಕಿ ಈ ಸೊಸೀನ ನೋಡವಾ,” ಎಂದು ಅತ್ತೆ ಪುಸ್ತಕದ ಚಿತ್ರವೊಂದರ ಮೇಲೆ ಬೆರಳಿಟ್ಟಾಗ ನಾನು ದಂಗಾದೆ. ಅದು ನಮ್ಮ ದೇಶದ್ದೇ ಮನೆತನವೊಂದರ ಕಥೆಯಿದ್ದ ಇಂಗ್ಲಿಷಿನ ಪತ್ತೇದಾರಿ ಗ್ರಾಫಿಕ್ ಕಾದಂಬರಿ; ಅತ್ತೆಗೆ ಕನ್ನಡದ ಅಕ್ಷರವೂ ಬಾರದು. ಪುಣೆಯ ಕೋಥರೂಡದ ಮನೆಯಿಂದ ಹಿಂಜವಾಡಿಯ ಆಫೀಸಿಗೆ ಹೋಗುವ ಕ್ಯಾಬಿನಲ್ಲಿ ಎರಡು ದಿನ ಓದಿದ ನಾನು ಕಥೆಯಲ್ಲಿನ ಅಡುಗೆಯವನನ್ನೇ ಅನುಮಾನಿಸಿದ್ದೆ. ಕೊನೆಯ ಪುಟಗಳಷ್ಟೇ ಉಳಿದಿದ್ದವು.

“ನಿಮಗ ಹೆಂಗ ಗೊತ್ತಾತ್ರಿ?”

“ಮೊದಲ ಎರಡೂ ಕೈಯಾಗ ಬಳಿ ಅದಾವ. ಕೊಲಿ ಆದ ಮ್ಯಾಲ ಎಡಗೈ ಬೋಳ ಅದ. ಗಂಡ ಇದ್ದಾಕಿ ಹಂಗ ಬಿಡ್ತಾಳೇನು? ಜಗಳದಾಗ ಒಡದಾವ.”

ಕೊನೆಯ ಪುಟ ತೆರೆದೆ. ಅತ್ತೆ ಹೇಳಿದ್ದೇ ನಿಜ!

ಮಾತುಗಳನ್ನಷ್ಟೇ ಓದಿ ಚಿತ್ರಗಳನ್ನು ದಾಟಿಬಿಡುತ್ತಿದ್ದ ನನಗೆ ನೋಡುವುದನ್ನು ಕಲಿಸಿದವರು ಅವರು. ಈಗ ಅಂಥ ಪುಸ್ತಕಗಳನ್ನು ಇಬ್ಬರೂ ಒಟ್ಟಿಗೆ ಕೂತು ನೋಡುತ್ತೇವೆ. ನನ್ನದೊಂದೇ ಷರತ್ತು: ಕೊನೆಯ ಪುಟದವರೆಗೆ ಅತ್ತೆ ಯಾರ ಮೇಲೂ ಬೆರಳಿಡಕೂಡದು.