ಮಲ್ಲಿಗೆ ತೋಟಕ್ಕೆ ಬೀಗ ಬಿದ್ದ ವರ್ಷ

ಆಗೆಲ್ಲ ಶಂಕರಪುರದ ಮಕ್ಕಳು ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಒಂದು ಸುತ್ತು ದುಡಿದು ಮುಗಿಸಿರುತ್ತಿದ್ದರು. ಬೆಳಕು ಹರಿಯುವಾಗ ಮಲ್ಲಿಗೆ ತೋಟದಲ್ಲಿರಬೇಕು. ಮೊಗ್ಗು ಬಿರಿಯುವ ಮೊದಲೇ ಕೊಯ್ದು ತಂದು, ನೆನೆಸಿಟ್ಟ ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ವ್ಯಾಪಾರಿಗಳು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ನಮ್ಮ ಬೆರಳುಗಳ ತುದಿ ಇಬ್ಬನಿಗೆ ಮುದುಕರ ಬೆರಳಿನ ಹಾಗೆ ಸುಕ್ಕುಗಟ್ಟಿರುತ್ತಿತ್ತು. ಗಿಡದ ಬುಡಕ್ಕೆ ಹಾಕುವ ಸೆಗಣಿ ಮತ್ತು ನೆಲಗಡಲೆ ಹಿಂಡಿಯ ಗೊಬ್ಬರದ ವಾಸನೆ ಎಷ್ಟು ಸೋಪು ತಿಕ್ಕಿದರೂ ಕಾಲಿನಿಂದ ಹೋಗುತ್ತಿರಲಿಲ್ಲ. ಅರ್ಧ ಕ್ಲಾಸೇ ಹಾಗೆ ನಾರುತ್ತಿದ್ದುದರಿಂದ ಯಾರೂ ಮೂಗು ಮುಚ್ಚುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಆರನೇ ಕ್ಲಾಸು, ತಮ್ಮ ಸದಾನಂದ ಮೂರನೆಯದು. ಅಪ್ಪ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿದ್ದರು. ಊರಿಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ. ಅವರ ಹೆಸರಿನಲ್ಲಿ ಒಂದು ಗದ್ದೆ ಇತ್ತು. ಅದರಲ್ಲಿ ಬಾವಿ ತೋಡಿಸಲು ಗದ್ದೆಯನ್ನೇ ಅಡವಿಟ್ಟು ಒಂದು ಸಹಕಾರಿ ಸಂಘದಿಂದ ಸಾಲ ತೆಗೆದಿದ್ದರು. ಬಾವಿಯಲ್ಲಿ ನೀರು ಬರಲಿಲ್ಲ, ಸಾಲದ ಕಂತು ಮಾತ್ರ ಬರುತ್ತಲೇ ಇತ್ತು. ಮಲ್ಲಿಗೆ ತೋಟದ ಕತೆ ಬೇರೆ. ಅದು ಅಮ್ಮನ ತಾಯಿಮನೆಯಿಂದ ಅಮ್ಮನಿಗೆ ಬಂದದ್ದು, ಪಹಣಿಯಲ್ಲಿ ಅಮ್ಮನದೇ ಹೆಸರು. ನಮ್ಮ ಮನೆಯಿಂದ ಸ್ವಲ್ಪ ದೂರ, ರಸ್ತೆ ದಾಟಿ ಇಳಿಜಾರಿನಲ್ಲಿ, ಲಿಲ್ಲಿ ಬಾಯಿಯ ಮನೆಯ ಒತ್ತಿಗೆ ಇತ್ತು. ನಾವು ಮೂವರು ಉಣ್ಣುತ್ತಿದ್ದುದು ಆ ತೋಟದಿಂದ.

ಶಿವರಾತ್ರಿ ಕಳೆದ ಮರುವಾರ, ನಾವು ಕೊಯ್ದ ಹೂವನ್ನು ಬುಟ್ಟಿಗೆ ತುಂಬಿಸುತ್ತಿರುವಾಗ ಸಂಘದ ವಸೂಲಿ ಅಧಿಕಾರಿ ಜೀಪಿನಲ್ಲಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫೈಲು, ಹಿಂದೆ ಒಬ್ಬ ಕಾವಲಿನವ. ಕಂತು ಕಟ್ಟದ ಕಾರಣ ತೋಟ ಜಪ್ತಿ ಆಗಿದೆ ಎಂದರು.

"ಸಾಲ ಗದ್ದೆಯ ಮೇಲೆ ಅಲ್ವಾ ಸಾರ್?" ಅಮ್ಮ ಕೇಳಿದರು. "ಈ ತೋಟ ನನ್ನದು. ನಾನು ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ."

"ಗಂಡನ ಸಾಲ ಹೆಂಡತಿಯದ್ದಲ್ವಾ? ಒಣಗಿದ ಗದ್ದೆಯನ್ನು ಯಾರು ತೆಗೆದುಕೊಳ್ತಾರೆ?"

"ಕಾಗದ ತೋರಿಸ್ತೇನೆ, ಒಂದು ನಿಮಿಷ ನಿಲ್ಲಿ."

"ಕಾಗದ ಕೋರ್ಟಿಗೆ ತೋರಿಸಿ. ಬೇಲಿಯ ಹತ್ತಿರ ಬಂದರೆ ಪೊಲೀಸು ಬರ್ತದೆ, ಮಕ್ಕಳಿಗೂ ಹೇಳಿಡಿ."

ಬೇಲಿಯ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಆ ಬುಟ್ಟಿಯನ್ನಾದರೂ ಬಿಟ್ಟುಬಿಡಿ ಎಂದು ಅಮ್ಮ ಕೇಳಲಿಲ್ಲ, ಅವರೂ ಬಿಡಲಿಲ್ಲ. ಬುಟ್ಟಿ ಜೀಪಿನಲ್ಲಿ ಹೋಯಿತು.

ನಿಜ ಹೇಳಬೇಕೆಂದರೆ ಮರುದಿನ ಬೆಳಿಗ್ಗೆ ನನಗೂ ಸದಾನಂದನಿಗೂ ಖುಷಿಯೇ ಆಗಿತ್ತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಬಿಸಿಲು ಬರುವವರೆಗೆ ಮಲಗಿದೆವು. ಎದ್ದು ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿದೆವು. ಬೆಳಿಗ್ಗೆ ಗಂಜಿಗೆ ತಿಮರೆ ಸೊಪ್ಪಿನ ಚಟ್ನಿ ಸಿಕ್ಕಿತು. ರಾತ್ರಿಯೂ ಗಂಜಿಯೇ, ಬರೀ ಉಪ್ಪು. ಅದರ ಮರುದಿನವೂ ಅಷ್ಟೇ. ಆಗ ನಮಗೆ ಅರ್ಥವಾಯಿತು.

ಅಮ್ಮ ಉಡುಪಿಗೆ ಹೋಗಿ ಒಬ್ಬ ವಕೀಲರನ್ನು ಹಿಡಿದರು. ಕಾಗದಗಳನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಬಸ್ಸು ಹತ್ತುತ್ತಿದ್ದರು. ಅರ್ಜಿ ಹಾಕಿದ್ದಾಯಿತು, ತಾರೀಕು ಸಿಕ್ಕಿತು, ಮತ್ತೊಂದು ತಾರೀಕು ಸಿಕ್ಕಿತು. ಅಪ್ಪನ ಕಾಗದ ಬಂತು: 'ನಾನು ಬಂದರೆ ಇಲ್ಲಿಯ ಕೆಲಸವೂ ಹೋಗುತ್ತದೆ. ನಿನಗೆ ತಿಳಿದ ಹಾಗೆ ಮಾಡು.' ಅಮ್ಮ ಅದನ್ನು ಎರಡು ಸಲ ಓದಿ ಅಕ್ಕಿಯ ಡಬ್ಬದ ಕೆಳಗೆ ಇಟ್ಟರು.

ಸಂಜೆ ಲಿಲ್ಲಿ ಬಾಯಿಯ ಮನೆಯಿಂದ ಹಾಲು ತರುವುದು ನನ್ನ ಕೆಲಸ. ದಾರಿ ತೋಟದ ಬೇಲಿಯ ಪಕ್ಕದಲ್ಲೇ. ಬೀಗ ಹಾಕಿದ ಮರುದಿನ ಸಂಜೆ ಆ ದಾರಿಯಲ್ಲಿ ಕಾಲಿಡಲಿಕ್ಕೆ ಆಗಿರಲಿಲ್ಲ. ಕೊಯ್ಯದೆ ಉಳಿದ ಹೂವೆಲ್ಲ ಒಟ್ಟಿಗೆ ಅರಳಿ, ಗಿಡಗಳೇ ಬೆಳ್ಳಗೆ ಕಾಣುತ್ತಿದ್ದವು. ಅಷ್ಟು ಪರಿಮಳ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ತಲೆನೋವು ಬರುವಷ್ಟು. ನಮ್ಮ ತೋಟದ ಹೂವು ಅರಳಿದ್ದನ್ನು ನಾವು ನೋಡಿದ್ದೇ ಇಲ್ಲವಲ್ಲ, ಮೊಗ್ಗಿನಲ್ಲೇ ಮಾರಾಟವಾಗುತ್ತಿತ್ತು. ಅದರ ಮರುದಿನವೂ ಹಾಗೆಯೇ ಇತ್ತು. ಮೂರನೆಯ ಸಂಜೆ ಏನೂ ಇರಲಿಲ್ಲ. ನಾಲ್ಕನೆಯ ಸಂಜೆಯೂ ಇಲ್ಲ. ಗಿಡಗಳು ಹಸಿರಾಗಿ ನಿಂತಿದ್ದವು.

ಹಾಲಿನ ಚೆಂಬು ಇಟ್ಟು ಅಮ್ಮನಿಗೆ ಹೇಳಿದೆ. "ಅಮ್ಮಾ, ತೋಟದಲ್ಲಿ ಪರಿಮಳವೇ ಇಲ್ಲ."

"ನೀರಿಲ್ಲದೆ ಬಾಡಿರಬೇಕು."

"ಬಾಡಲಿಲ್ಲ. ನಾಳೆಯ ಮೊಗ್ಗು ಉಂಟು. ಇವತ್ತಿನ ಹೂವು ಮಾತ್ರ ಇಲ್ಲ."

ಅಮ್ಮ ಒಲೆಯ ಮುಂದಿನಿಂದ ಎದ್ದು ನನ್ನನ್ನೇ ನೋಡಿದರು. ಮರುದಿನ ಸಂಜೆ ತಾವೇ ಚೆಂಬು ಹಿಡಿದು ನನ್ನ ಜೊತೆ ಬಂದರು. ಬೇಲಿಯ ಹೊರಗೆ ನಿಂತು ಗಿಡದ ಬುಡ ನೋಡಿದರು. ಮೊದಲೆರಡು ದಿನದ ಒಣಗಿದ ಹೂವಲ್ಲದೆ ಹೊಸದಾಗಿ ಉದುರಿದ ಒಂದು ಹೂವೂ ಇರಲಿಲ್ಲ. ಸೀದಾ ಲಿಲ್ಲಿ ಬಾಯಿಯ ಜಗಲಿಗೆ ಹೋದರು.

"ಯಾರು ಕೊಯ್ಯುವುದು ಬಾಯಿ?"

ಲಿಲ್ಲಿ ಬಾಯಿ ನೆಲ ನೋಡಿದಳು. "ಆ ಕಾವಲಿನವನೇ ಗಿರಿಜಕ್ಕ. ಬೆಳಿಗ್ಗೆ ಇಬ್ಬರು ಹೆಂಗಸರನ್ನು ಕರೆದುಕೊಂಡು ಹಿಂದಿನ ಬೇಲಿ ಸರಿಸಿ ಬರ್ತಾನೆ. ಬುಟ್ಟಿ ಆ ಸಾಹೇಬರ ಜೀಪಿನಲ್ಲಿ ಕಾಪು ಕಡೆ ಹೋಗ್ತದೆ. ಬಾವಿಕಟ್ಟೆಯಿಂದ ನನಗೆ ಎಲ್ಲ ಕಾಣ್ತದೆ."

"ಕೋರ್ಟಿನಲ್ಲಿ ಹೇಳ್ತೀಯಾ?"

"ನನ್ನನ್ನು ಮಾತ್ರ ಕರೆಯಬೇಡ. ನಮ್ಮದೂ ಅದೇ ಸಂಘದಲ್ಲಿ ಸಾಲ ಉಂಟು. ನಾಳೆ ನನ್ನ ಅಂಗಳಕ್ಕೂ ಜೀಪು ಬಂದರೆ?" ಅವಳ ಕಣ್ಣಲ್ಲಿ ನೀರು ಬಂತು. ಅಮ್ಮ ಅವಳ ಮೇಲೆ ಸಿಟ್ಟು ಮಾಡಲಿಲ್ಲ. ಹಾಲು ಹಾಕಿಸಿಕೊಂಡು ಬಂದೆವು.

ಮುಂದಿನ ತಾರೀಕಿಗೆ ನಮ್ಮ ವಕೀಲರು ಈ ಕಳ್ಳತನದ ಮಾತೆತ್ತಿದರು. ವಸೂಲಿ ಅಧಿಕಾರಿ, ಬೀಗ ಹಾಕಿದ ಮೇಲೆ ತೋಟಕ್ಕೆ ಒಂದು ನರಪಿಳ್ಳೆಯೂ ಹೋಗಿಲ್ಲ, ಹೂವು ಗಿಡದಲ್ಲೇ ಉಂಟು ಎಂದು ಬರೆದುಕೊಟ್ಟರು. ಸ್ಥಳ ನೋಡಿ ವರದಿ ಕೊಡಲು ನ್ಯಾಯಾಧೀಶರು ಒಬ್ಬ ಎಳೆಯ ವಕೀಲರನ್ನು ಕಮಿಷನರ್ ಆಗಿ ನೇಮಿಸಿದರು.

ಅವರು ಒಂದು ಸಂಜೆ ಸ್ಕೂಟರಿನಲ್ಲಿ ಬಂದರು. ಕಾರ್ಕಳದ ಕಡೆಯವರು, ಮಲ್ಲಿಗೆ ಮುಡಿದವರನ್ನು ನೋಡಿದ್ದರೇ ಹೊರತು ಬೆಳೆಯುವುದನ್ನು ನೋಡಿರಲಿಲ್ಲ. ಅಧಿಕಾರಿಯ ಜೀಪು ಮೊದಲೇ ಬಂದು ನಿಂತಿತ್ತು. ಮುದ್ರೆ ಒಡೆಯದೆ ಹಾಗೇ ಇರುವುದನ್ನು ತೋರಿಸಿ, "ನೋಡಿ ಸರ್, ಹಾಕಿದ ಹಾಗೇ ಉಂಟು. ಗಿಡದಲ್ಲಿ ಮೊಗ್ಗೂ ಉಂಟು" ಎಂದರು ಅಧಿಕಾರಿ. ಕಮಿಷನರ್ ತಲೆಯಾಡಿಸಿ ಬರೆಯತೊಡಗಿದರು.

ಅಮ್ಮನ ಸೆರಗು ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ಅದು ನಾಳೆಯದ್ದು ಸಾರ್!" ಎಂದುಬಿಟ್ಟೆ.

"ಎಂತ ನಾಳೆಯದ್ದು?" ಅವರು ಪೆನ್ನು ನಿಲ್ಲಿಸಿ ಕೇಳಿದರು.

"ಆ ಮೊಗ್ಗು. ಇವತ್ತಿನದ್ದು ಈಗ ಅರಳಿರಬೇಕಿತ್ತು. ಕೊಯ್ಯದಿದ್ದರೆ ಸಂಜೆಗೆ ಪರಿಮಳ ಬರ್ತದೆ."

"ನಿನ್ನೆಯದ್ದು?"

"ಬಾಡಿ ಬುಡದಲ್ಲಿ ಬಿದ್ದಿರ್ತದೆ."

"ಚಿಕ್ಕ ಹುಡುಗಿ, ಅದಕ್ಕೆ ಎಂತ ಗೊತ್ತು ಸರ್," ಅಧಿಕಾರಿ ನಕ್ಕರು. ಕಮಿಷನರ್ ನಗಲಿಲ್ಲ. ಬೀಗ ತೆಗೆಸಿದರು. ಪ್ಯಾಂಟು ಮಡಚಿ, ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಗಿಡದ ಬುಡ ನೋಡುತ್ತಾ ಹೋದರು. ಹಿಂದಿನ ಬೇಲಿಯವರೆಗೆ ಹೋಗಿ, ಅಲ್ಲಿ ಸರಿಸಿ ಇಟ್ಟಿದ್ದ ಮುಳ್ಳಿನ ಕೊಂಬೆಗಳನ್ನು ಎತ್ತಿ ನೋಡಿದರು. ಅಷ್ಟರಲ್ಲಿ ಆಚೆಯ ಬಾವಿಕಟ್ಟೆಯಿಂದ ದನಿ ಬಂತು.

"ಸಾರ್, ನಾನು ಹೇಳ್ತೇನೆ. ಬರೆದುಕೊಳ್ಳಿ."

ಲಿಲ್ಲಿ ಬಾಯಿ! ಒದ್ದೆ ಸೀರೆಯಲ್ಲೇ, ಹಗ್ಗ ಕೈಯಲ್ಲೇ ಹಿಡಿದು ನಿಂತಿದ್ದಳು.  ಕಾವಲಿನವನು, ಇಬ್ಬರು ಹೆಂಗಸರು, ಬುಟ್ಟಿ, ಜೀಪು, ಯಾವುದನ್ನೂ ಬಿಡದೆ ಹೇಳಿದಳು. ಕೊನೆಗೆ ತಾನೇ ಕಾಗದ ಕೇಳಿ ಸಹಿ ಹಾಕಿದಳು. ಅಧಿಕಾರಿಯ ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ತೀರ್ಪಿನ ದಿನ ನಾವಿಬ್ಬರು ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನದ ಬಸ್ಸಿನಿಂದ ಅಮ್ಮ ಇಳಿದು ಬರುವುದನ್ನು ದೂರದಿಂದಲೇ ನೋಡಿದೆವು. ಮುಖ ನೋಡಿ ಏನೂ ತಿಳಿಯಲಿಲ್ಲ. ಅಂಗಳಕ್ಕೆ ಬಂದು, ಸೀರೆಯ ತುಂಡಿನ ಗಂಟನ್ನು ಜಗಲಿಯ ಮೇಲೆ ಇಟ್ಟು, "ಬಿಟ್ಟರು ಮಕ್ಕಳೇ," ಎಂದರು. ಆಮೇಲೆ ಹೇಳಿದರು: ಹೆಂಡತಿಯ ಆಸ್ತಿಯನ್ನು ಗಂಡನ ಸಾಲಕ್ಕೆ ಹಿಡಿದದ್ದೇ ತಪ್ಪು, ತೋಟಕ್ಕೂ ಆ ಸಾಲಕ್ಕೂ ಸಂಬಂಧವಿಲ್ಲ ಎಂದು ನ್ಯಾಯಾಧೀಶರು ಹೇಳಿದರಂತೆ. ಸದಾನಂದ ಕುಣಿದ. ನನಗೆ ಯಾಕೋ ಅಳು ಬಂತು.

ಗದ್ದೆಯ ಸಾಲವನ್ನು ಮುಂದೆ ಅಪ್ಪ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ಆ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು ಎಂದು ಕೇಳಿದೆವು, ಅದು ಶಿಕ್ಷೆಯೋ ಅಲ್ಲವೋ ಗೊತ್ತಿಲ್ಲ. ಲಿಲ್ಲಿ ಬಾಯಿಯ ಅಂಗಳಕ್ಕೆ ಯಾವ ಜೀಪೂ ಬರಲಿಲ್ಲ.

ತೀರ್ಪಿನ ಮರುದಿನ ಬೆಳಿಗ್ಗೆ ಅಮ್ಮ ಎಬ್ಬಿಸುವ ಮೊದಲೇ ನಾವು ಎದ್ದಿದ್ದೆವು. ಗಿಡಗಳು ನೀರಿಲ್ಲದೆ ಸೊರಗಿದ್ದವು, ಕಳೆ ಬೆಳೆದಿತ್ತು, ಸಿಕ್ಕಿದ್ದು ಒಂದು ಸಣ್ಣ ಬುಟ್ಟಿ ಹೂವು. ಕರೆಯದಿದ್ದರೂ ಲಿಲ್ಲಿ ಬಾಯಿ ಬಂದು ಕೊಯ್ದಳು, ನಮ್ಮ ಜಗಲಿಯಲ್ಲೇ ಕೂತು ಕಟ್ಟಿದಳು. ಚೆಂಡನ್ನು ಕಟ್ಟೆಗೆ ಮುಟ್ಟಿಸಿ ನಾನು ಓಡಿ ಬಂದಾಗ ಅಮ್ಮ ಜಗಲಿಯ ಕಂಬಕ್ಕೆ ಒರಗಿದ್ದವರು ಹಾಗೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಹಗಲು ಹೊತ್ತಿನಲ್ಲಿ ಅಮ್ಮ ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಲಿಲ್ಲಿ ಬಾಯಿ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಸುಮ್ಮನಿರಿಸಿದಳು. ನಾನೂ ಸದಾನಂದನೂ ಮೆಟ್ಟಿಲ ಮೇಲೆ ಕೂತು ಕಾಗೆ ಓಡಿಸುತ್ತಾ, ಪಿಸುಮಾತಿನಲ್ಲಿ ನಗುತ್ತಾ, ಅವರಾಗಿ ಏಳುವವರೆಗೆ ಕಾದೆವು.

ಈಗ ನಾನು ಮಣಿಪಾಲದ ಒಂದು ಫ್ಲ್ಯಾಟಿನಲ್ಲಿದ್ದೇನೆ. ಕಾಗದಪತ್ರಗಳು ಬ್ಯಾಂಕಿನ ಲಾಕರಿನಲ್ಲಿವೆ, ತೆರಿಗೆ ಬಾಕಿಯಿಲ್ಲ, ಬಾಗಿಲಿಗೆ ಯಾರೂ ಬೀಗ ಜಡಿಯಲಾರರು. ಆದರೂ ಬಾಗಿಲ ಗಂಟೆ ಹೊಡೆದರೆ ಎದೆ ಒಮ್ಮೆ ಡವಗುಟ್ಟುತ್ತದೆ. ಯಾರಾದರೂ ಪಕ್ಕದ ಮನೆಯವರ ಹೆಸರು ಕೇಳಿದರೆ ನೆನಪು ಮಾಡಿಕೊಳ್ಳಬೇಕು. ಅಮ್ಮನೂ ಲಿಲ್ಲಿ ಬಾಯಿಯೂ ಹೋಗಿ ವರ್ಷಗಳಾದವು. ಚಿಂತೆಯನ್ನೆಲ್ಲ ದೊಡ್ಡವರು ಮುಗಿಸಿಬಿಟ್ಟಿದ್ದಾರೆ, ಅವರ ನಿದ್ದೆ ಕೆಡದ ಹಾಗೆ ಸುಮ್ಮನಿದ್ದರೆ ಸಾಕು ಎಂಬ ಅಂಥ ಬೆಳಗು ನನಗೆ ಮತ್ತೆ ಸಿಗಲಿಲ್ಲ.